ಕಾದ ಹೊತ್ತು ಯಾರ ಲೆಕ್ಕಕ್ಕೆ?

ದುಡ್ಡು ಕಳಿಸುವ ಗುಂಡಿ ಒತ್ತಿ, ಪರದೆಯ ಮೇಲೆ ಸುತ್ತುವ ಚಕ್ರ ನೋಡುತ್ತ ಕೂತವರಿಗೆ ಆ ಆ್ಯಪೇ ಸೋಮಾರಿ ಅನ್ನಿಸುತ್ತದೆ. ಒಳಹೊಕ್ಕು ನೋಡಿದರೆ, ಪಾಪ, ಅದು ದುಡಿಯುವುದಕ್ಕಿಂತ ಕಾಯುವುದೇ ಹೆಚ್ಚು. ಬ್ಯಾಂಕಿನ ಸರ್ವರ್‌ಗೊಂದು ಕೋರಿಕೆ, ಎಸ್ಸೆಮ್ಮೆಸ್ ಕಳಿಸುವವರಿಗೆ ಇನ್ನೊಂದು. ಉತ್ತರ ಬರುವ ತನಕ ಕಾಯಬೇಕು. ಹೀಗೆ ಹೊರಗೆ ಹೋಗುವ ಪ್ರತಿ ಕೋರಿಕೆಗೂ ಗಡಿಯಾರ ಕಟ್ಟುವ ವಿದ್ಯೆಯೊಂದಿದೆ.

ಅದರ ಕೈಚಳಕ ನೋಡುವಂಥದ್ದು. ರೂಬಿ ಭಾಷೆಯಲ್ಲಿ ನೆಟ್ ಎಚ್‌ಟಿಟಿಪಿ ಎಂಬ ಲೈಬ್ರರಿಯಿದೆ. ಕೋರಿಕೆ ಹೊರಡುವುದು ಅದರ ‘ರಿಕ್ವೆಸ್ಟ್’ ಎಂಬ ಮೆಥಡ್‌ನಿಂದ. ನಿಗಾ ಇಡುವ ‘ಏಜೆಂಟ್’ ಎಂಬ ಪ್ರೋಗ್ರಾಮ್ ಅಸಲಿ ಮೆಥಡ್‌ನ ಹೆಸರು ಬದಲಿಸಿ ಬದಿಗಿಟ್ಟು, ಆ ಜಾಗದಲ್ಲಿ ತಾನೇ ಕೂರುತ್ತದೆ. ಹೊತ್ತು ಬರೆದುಕೊಳ್ಳುತ್ತದೆ, ಅಸಲಿಯನ್ನು ಕರೆಯುತ್ತದೆ, ಮತ್ತೆ ಹೊತ್ತು ಬರೆದುಕೊಂಡು ಬಂದ ಉತ್ತರವನ್ನು ಹಾಗೇ ದಾಟಿಸುತ್ತದೆ. ಉತ್ತರದ ಬದಲು ಎರರ್ ಬಂದರೆ ಅದನ್ನೂ ನುಂಗದೆ ದಾಟಿಸಬೇಕು. ಆ್ಯಪ್ ಬರೆದವರು ಒಂದು ಸಾಲನ್ನೂ ತಿದ್ದಬೇಕಿಲ್ಲ. ಗೂಗಲ್ 2010ರಲ್ಲಿ ಕೋರಿಕೆಗಳ ಜಾಡು ಹಿಡಿಯುವ ತನ್ನ ವ್ಯವಸ್ಥೆ ‘ಡ್ಯಾಪರ್’ ಕುರಿತು ಪ್ರಕಟಿಸಿದ ಪ್ರಬಂಧದ ಹಟವೂ ಇದೇ: ಅಳೆಯುವ ಕೋಡ್ ಎಲ್ಲರೂ ಬಳಸುವ ಲೈಬ್ರರಿಗಳಲ್ಲಿ ಅಡಗಿರಲಿ, ಪ್ರೋಗ್ರಾಮರ್‌ಗೆ ಅದರ ಗೊಡವೆಯೇ ಬೇಡ.

ಎಡವುವ ಜಾಗಗಳೂ ಇವೆ. ಪೈಥಾನ್‌ನ ರಿಕ್ವೆಸ್ಟ್ಸ್ ಲೈಬ್ರರಿ ಯುಆರ್‌ಎಲ್‌ಲಿಬ್3ನ ಮೇಲೆ ನಿಂತಿದೆ, ಅದು ಎಚ್‌ಟಿಟಿಪಿ ಕ್ಲೈಂಟ್‌ನ ಮೇಲೆ. ಮೂರಕ್ಕೂ ಗಡಿಯಾರ ಕಟ್ಟಿ ಸುಮ್ಮನಾದರೆ ಒಂದೇ ಕರೆ ಮೂರಾಗಿ ದಾಖಲಾಗುತ್ತದೆ. ಇನ್ನು ವಿಳಾಸವನ್ನು ಇಡಿಯಾಗಿ ಬರೆದಿಟ್ಟರಂತೂ, ಪ್ರಶ್ನಾರ್ಥಕ ಚಿಹ್ನೆಯ ಆಚೆಗಿನ ಟೋಕನ್ನು, ಫೋನ್ ನಂಬರು ಎಲ್ಲ ವರದಿಗೆ ಸೋರಿಬಿಡುತ್ತವೆ.

ಆದರೆ ನಿಜವಾದ ಜಗಳ ಇರುವುದು ಗಡಿಯಾರ ಎಲ್ಲಿ ಶುರುವಾಗುತ್ತದೆ ಎಂಬಲ್ಲಿ. ಒಂದು ಸರ್ವರ್‌ಗೆ ಏಕಕಾಲಕ್ಕೆ ಹತ್ತೇ ಸಂಪರ್ಕ ಎಂದು ನಾವೇ ಮಿತಿ ಹಾಕಿಕೊಂಡಿರುತ್ತೇವೆ. ಹನ್ನೊಂದನೆಯ ಕೋರಿಕೆ ನಮ್ಮ ಮನೆಯೊಳಗೇ ಸಾಲಿನಲ್ಲಿ ನಿಲ್ಲುತ್ತದೆ. ಆಮೇಲೆ ಡಿಎನ್‌ಎಸ್‌ನಲ್ಲಿ ವಿಳಾಸ ಹುಡುಕಾಟ, ಟಿಎಲ್‌ಎಸ್‌ನ ಕೈಕುಲುಕಾಟ. ಹೊರಗಿನಿಂದ ಕಟ್ಟಿದ ಗಡಿಯಾರ ಇಷ್ಟನ್ನೂ ಒಟ್ಟು ಹಾಕಿ ‘ಬ್ಯಾಂಕ್: ಮೂರು ಸೆಕೆಂಡ್’ ಅನ್ನುತ್ತದೆ. ಬ್ಯಾಂಕಿನವರ ಲಾಗ್ ತೆರೆದರೆ ಇನ್ನೂರು ಮಿಲಿಸೆಕೆಂಡ್. ಎರಡೂ ಸುಳ್ಳಲ್ಲ. ಮೀಟಿಂಗಿನಲ್ಲಿ ಇಬ್ಬರೂ ತಮ್ಮ ತಮ್ಮ ಗ್ರಾಫ್ ತೋರಿಸಿ ಗಂಟಲು ಹರಿದುಕೊಳ್ಳುತ್ತಾರೆ, ಅಷ್ಟೆ.

ಎರಡು ಕಡೆಯ ಲೆಕ್ಕ ತಾಳೆ ನೋಡಲೆಂದೇ ವೆಬ್‌ನ ಮಾನಕ ಸಂಸ್ಥೆ ಡಬ್ಲ್ಯು3ಸಿ 2020ರಲ್ಲಿ ‘ಟ್ರೇಸ್‌ಪೇರೆಂಟ್’ ಎಂಬ ಹೆಡರ್‌ಗೆ ಮಾನಕ ಹೊರಡಿಸಿತು. ಒಟ್ಟು 55 ಅಕ್ಷರ. ಅದರಲ್ಲಿ 32 ಇಡೀ ಪಯಣದ ಗುರುತು, 16 ಈ ಒಂದು ಹೆಜ್ಜೆಯದು. ಕೋರಿಕೆಯ ಜೊತೆ ಅದು ಆಚೆ ಹೋದರೆ, ಅವರ ಲಾಗ್‌ನಲ್ಲೂ ಅದೇ ಗುರುತು ಬೀಳುತ್ತದೆ. ಆದರೆ ಆಚೆಯವರು ಬೇರೆ ಕಂಪನಿಯವರಾದರೆ ತಮ್ಮ ಲಾಗ್ ನಮಗೇಕೆ ಕೊಟ್ಟಾರು? ಅಂಥಲ್ಲಿ ನಮ್ಮ ಪಾಲನ್ನು ನಾವೇ ಬಿಡಿಸಿ ಬರೆಯಬೇಕು: ಸಾಲಿನಲ್ಲಿ ನಿಂತದ್ದು ಇಷ್ಟು, ಸಂಪರ್ಕಕ್ಕೆ ಇಷ್ಟು, ಉತ್ತರಕ್ಕೆ ಕಾದದ್ದು ಇಷ್ಟು. ದೂರಿನ ಇಮೇಲ್ ಬ್ಯಾಂಕಿಗೆ ಹೋಗುವುದು ಅದಾದ ಮೇಲೆ.