ದಪ್ಪ ಮರಿಯೇ ಚಂದವೋ?

ನಮ್ಮ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ತೋಟದ ಮನೆಗಳಲ್ಲಿ ಊರ ನಾಯಿಯ ಜೊತೆಗೆ ಈಗ ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್ ಕೂಡಾ ಉಂಟು. ಸಾಕುವ ಕ್ರಮ ಒಂದೇ, ತಿಂದಷ್ಟೂ ಹಾಕುವುದು!

ನಾನೂ ಅದನ್ನೇ ಮಾಡಿದೆ. ಲ್ಯಾಬ್ರಡಾರ್ ಮರಿಗೆ ಮೂರು ಹೊತ್ತು ಹಾಲು-ಅನ್ನ, ಮೇಲಿಂದ ಬೂತಾಯಿ, ಸಾಲದ್ದಕ್ಕೆ ಯಾರೋ ಹೇಳಿದರೆಂದು ಕ್ಯಾಲ್ಸಿಯಂ ಟಾನಿಕ್. ಪೇಟೆಯಲ್ಲಿ ಕಂಡವರು 'ನಲ್ಲ ತಡಿ ಉಂಡಲ್ಲೋ' ಎಂದಾಗ ನನಗೆ ಹೆಮ್ಮೆಯೇ. ಏಳನೇ ತಿಂಗಳಲ್ಲಿ ಅದು ಹಿಂಗಾಲು ಎಳೆಯತೊಡಗಿತು. ಜಗಲಿಯ ಮೂರು ಮೆಟ್ಟಿಲು ಹತ್ತಲಾರದೆ ಅಂಗಳದಲ್ಲೇ ಕೂತು ನನ್ನ ಮುಖ ನೋಡುತ್ತಿತ್ತು.

ದೊಡ್ಡ ಜಾತಿಯ ಮರಿಯ ಎಲುಬು ಬಲಿಯಲು ಒಂದರಿಂದ ಒಂದೂವರೆ ವರ್ಷ ಬೇಕು. ಅಷ್ಟರೊಳಗೆ ಮೈ ಬೆಳೆಸಿದರೆ ಭಾರ ಹೊರುವುದು ಎಳೆಯ ಸೊಂಟದ ಕೀಲು. ವಂಶದಿಂದ ಬಂದ ದೋಷವಿದ್ದರಂತೂ ಕೇಳುವುದೇ ಬೇಡ. ಇನ್ನು ಕ್ಯಾಲ್ಸಿಯಂ: ಎಳೆ ಮರಿಯ ಕರುಳಿಗೆ ಹೆಚ್ಚಾದುದನ್ನು ತಡೆಯಲು ಬಾರದು, ಎಲುಬಿನ ಬೆಳವಣಿಗೆಯೇ ಕೆಡುತ್ತದೆ. ಮರಿಗಳ ಸಿದ್ಧ ಆಹಾರ ಕೊಡುವವರಿಗೆ ಟಾನಿಕ್ ಬೇಡ. ಅನ್ನ-ಮೀನು ಹಾಕುವವರು ಪಶುವೈದ್ಯರಲ್ಲಿ ಅಳತೆ ಕೇಳಲಿ.

ಅಮೆರಿಕದಲ್ಲಿ 48 ಲ್ಯಾಬ್ರಡಾರ್‌ಗಳನ್ನು ಜೋಡಿ ಮಾಡಿ, ಜೋಡಿಯ ಒಂದಕ್ಕೆ ಮರಿಯಿಂದಲೇ ಶೇ. 25 ಕಡಿಮೆ ಆಹಾರ ಕೊಟ್ಟು ನೋಡಿದರು. 2002ರ ವರದಿಯಂತೆ ಹೆಚ್ಚು ತಿಂದವುಗಳಲ್ಲಿ ಅರ್ಧ 11.2 ವರ್ಷದೊಳಗೇ ತೀರಿಹೋದವು. ಕಡಿಮೆ ತಿಂದವುಗಳಲ್ಲಿ ಅರ್ಧ 13 ದಾಟಿದವು. ಹೊಟ್ಟೆಗೆ ಕಡಿಮೆ ಹಾಕುವುದು ಜಿಪುಣತನ ಅಲ್ಲ ಮಾರಾಯ್ರೇ!

ಸವರಿದರೆ ಪಕ್ಕೆಲುಬು ಕೈಗೆ ಸಿಗಬೇಕು, ಮೇಲಿಂದ ನೋಡಿದರೆ ನಡು ಕಾಣಬೇಕು. ನನ್ನ ನಾಯಿಯ ಭಾರ ಇಳಿಸಿದ್ದೇನೆ, ಕುಂಟು ಪೂರ್ತಿ ಹೋಗಿಲ್ಲ. ಅಡಿಕೆ ತೂಗುವ ತಕ್ಕಡಿ ಹೇಗೂ ಉಂಟಲ್ಲ, ತಿಂಗಳಿಗೊಮ್ಮೆ ಮರಿಯನ್ನೂ ಅದರಲ್ಲಿ ತೂಗಿ ಬರೆದಿಡಿ.