ಕರಪತ್ರದಲ್ಲಿ ಒಂದು ಶಬ್ದ

ಶಿವರಾತ್ರಿ ಮುಗಿದು ಬಿಸಿಲು ಬಲಿಯುತ್ತಿದ್ದಂತೆ ನಮ್ಮ ಧಾರವಾಡ ಸೀಮೆಯ ಊರುಗಳಲ್ಲಿ ಮಾಳಿಗೆಗಳ ಮೇಲೆ ಶಾವಿಗೆ ಒಣಗತೊಡಗುತ್ತದೆ. ಬೇವಿನ ಗಿಡ ಹೂ ಬಿಡುತ್ತದೆ, ಮಾವು ಮಿಡಿ ಕಚ್ಚುತ್ತದೆ. ಯುಗಾದಿಗೆ ನಾವು ಮಾಡುವ ಬೇವು ಕುಡಿಯುವ ಬೇವು. ಪುಠಾಣಿ ಹಿಟ್ಟು, ಬೆಲ್ಲ, ಬೇವಿನ ಹೂ, ಮಾವಿನಕಾಯಿ, ಗಸಗಸೆ, ಒಣಕೊಬ್ಬರಿ ಎಲ್ಲ ಕೂಡಿಸಿ ನೀರಿನಲ್ಲಿ ಕದಡಿ ಬಟ್ಟಲು ತುಂಬ ಕೊಡುತ್ತೇವೆ. ಮೈಸೂರು ಕಡೆಯ ಶರಣ ಬಂಧುಗಳು ಚಿಟಿಕೆ ಬೇವು-ಬೆಲ್ಲ ನಾಲಿಗೆಗಿಟ್ಟು ಮುಗಿಸುವುದನ್ನು ಕಂಡರೆ ನಮಗೆ ಹಬ್ಬ ಆದಂತೆಯೇ ಅನಿಸುವುದಿಲ್ಲ. ಮಧ್ಯಾಹ್ನಕ್ಕೆ ಹೂರಣದ ಹೋಳಿಗೆ, ಕಟ್ಟಿನ ಸಾರು.

ಇದೇ ಹೊತ್ತಿಗೆ ಕರಪತ್ರಗಳ ಸುಗ್ಗಿಯೂ ಶುರುವಾಗುತ್ತದೆ. ಯುಗಾದಿಗೆ ಅಲ್ಲಮಪ್ರಭುಗಳ ಜಯಂತಿ, ಅಲ್ಲಿಂದ ಹದಿನೈದು ದಿನಕ್ಕೆ ದವನದ ಹುಣ್ಣಿಮೆಯಂದು ಅಕ್ಕಮಹಾದೇವಿಯ ಜಯಂತಿ, ವೈಶಾಖದಲ್ಲಿ ಬಸವ ಜಯಂತಿ. ಮಠದಿಂದ, ಬಳಗದಿಂದ, ತರುಣ ಸಂಘದಿಂದ ಕರಪತ್ರಗಳು ಬರುತ್ತವೆ. ಅವುಗಳ ಭಾಷೆ ನನಗೆ ಬಾಯಿಪಾಠ. ಷಟ್‌ಸ್ಥಲ ಧ್ವಜಾರೋಹಣ, ವಚನ ಗ್ರಂಥಗಳ ಮೆರವಣಿಗೆ, ತೊಟ್ಟಿಲು ಕಾರ್ಯಕ್ರಮ, ಅನುಭಾವ, ಮಹಾಪ್ರಸಾದ. ನಡುವೆ ಒಂದು ಸಾಲು: ‘ಮುತ್ತೈದೆಯರಿಂದ ಕುಂಭಮೇಳ ಹಾಗೂ ಮುತ್ತೈದೆಯರಿಗೆ ಉಡಿ ತುಂಬುವುದು.’

ಈ ಸಾಲನ್ನು ನಾನೂ ಎಷ್ಟೋ ವರ್ಷ ಓದಿ ಮಡಿಚಿಟ್ಟವನೇ. ಹೋದ ವರ್ಷ ಅಕ್ಕನ ಜಯಂತಿಗೆ ಚಿಗವ್ವನನ್ನು ಕರೆದುಕೊಂಡು ಹೋಗಲು ಬಂದೆ. ಆಕೆ ಕಟ್ಟೆಯ ಮೇಲೆ ಕೂತು ಒಣಗಿದ ಶಾವಿಗೆಯನ್ನು ಡಬ್ಬಿಗೆ ತುಂಬುತ್ತಿದ್ದಳು. “ನಡಿ ಚಿಗವ್ವಾ, ಹೊತ್ತಾತು” ಅಂದೆ. ಆಕೆ ಗೂಡಿನಲ್ಲಿದ್ದ ಕರಪತ್ರವನ್ನು ತೋರಿಸಿ, “ನಾ ಯಾಕ ಬರ್ಲೋ ಯಪ್ಪಾ, ಅದ್ರಾಗ ನನ್ನ ಕರದಿಲ್ಲಲ್ಲೋ” ಅಂದಳು. ಸಿಟ್ಟಿನಿಂದ ಅಂದದ್ದಲ್ಲ. ಕನ್ನಡ ಶಾಲೆಯ ನಾಲ್ಕನೆಯ ಇಯತ್ತೆ ಓದಿದವಳು, ಇದ್ದದ್ದನ್ನು ಇದ್ದಂತೆ ಓದಿದ್ದಳು.

ಹಿಂದಿನ ದಿನ ಇದೇ ಚಿಗವ್ವ ಮಠದ ದಾಸೋಹದ ಮನೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಹೂರಣ ರುಬ್ಬಿದ್ದಳು. ನಮ್ಮೂರಲ್ಲಿ ಹೂರಣದ ಹದ ಆಕೆಯಷ್ಟು ಬಲ್ಲವರಿಲ್ಲ. ಬೇಳೆ ಎಷ್ಟು ಕುದಿಯಬೇಕು, ಬೆಲ್ಲ ಯಾವಾಗ ಬೀಳಬೇಕು ಎಂದು ಮಠದವರೇ ಆಕೆಯನ್ನು ಕೇಳುತ್ತಾರೆ. ಆ ಕೈ ಪ್ರಸಾದಕ್ಕೆ ಬೇಕು. ಅಕ್ಕನ ತೊಟ್ಟಿಲು ತೂಗುವ ಹೊತ್ತಿಗೆ ಮಾತ್ರ ಅದೇ ಕೈ ಹಿಂದೆ ಸರಿದು ಗೋಡೆಗೆ ಆನಬೇಕು.

ಅದೂ ಯಾರ ಜಯಂತಿಯಲ್ಲಿ? ಚೆನ್ನಮಲ್ಲಿಕಾರ್ಜುನನೇ ಪತಿಯೆಂದು ಕೌಶಿಕನ ಅರಮನೆ ತೊರೆದು, ಉಡುತಡಿಯಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಶ್ರೀಶೈಲದ ಕದಳಿಗೆ ಒಬ್ಬಳೇ ನಡೆದವಳ ಜಯಂತಿಯಲ್ಲಿ. ಇಂದು ಆ ತಾಯಿಯೇ ನಮ್ಮ ಮಂಟಪಕ್ಕೆ ಬಂದರೆ ಸ್ವಾಗತ ಸಮಿತಿಯವರು ಆಕೆಯನ್ನು ಯಾವ ಸಾಲಿನಲ್ಲಿ ನಿಲ್ಲಿಸುತ್ತಾರೆ? ತಾಳಿಯಿಲ್ಲ, ಬಳೆಯಿಲ್ಲ. ಉಡಿ ಒಡ್ಡಲು ಸೀರೆಯ ಸೆರಗೂ ಇಲ್ಲ.

ತತ್ವದ ಮಾತಿಗೆ ಬಂದರೆ ಇಲ್ಲಿ ವಾದಕ್ಕೇ ಜಾಗವಿಲ್ಲ. ಗುರು, ಲಿಂಗ, ಜಂಗಮ, ಪಾದೋದಕ, ಪ್ರಸಾದ, ವಿಭೂತಿ, ರುದ್ರಾಕ್ಷಿ, ಮಂತ್ರ: ಇವು ನಮ್ಮ ಅಷ್ಟಾವರಣಗಳು. ಎಂಟರಲ್ಲಿ ಒಂದಾದರೂ ಗಂಡನ ಜೊತೆಗೆ ಬಂದು ಗಂಡನ ಜೊತೆಗೆ ಹೋಗುವಂಥದ್ದೇ? ಹೆಣ್ಣಿಗೂ ಗಂಡಿಗೂ ಒಂದೇ ದೀಕ್ಷೆ, ಅದೇ ಇಷ್ಟಲಿಂಗ. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಐದೂ ಸೂತಕಗಳನ್ನು ಶರಣರು ಅಲ್ಲಗಳೆದರು. ಇನ್ನು ‘ಶರಣಸತಿ ಲಿಂಗಪತಿ’ ಎಂಬ ನಿಲುವನ್ನು ನಿಜಕ್ಕೂ ನಂಬುವುದಾದರೆ ಲಿಂಗ ಕಟ್ಟಿದವರೆಲ್ಲರೂ ನಿತ್ಯ ಮುತ್ತೈದೆಯರೇ, ಮೀಸೆ ಹೊತ್ತ ಸಮಿತಿಯ ಅಧ್ಯಕ್ಷರೂ ಸೇರಿ. ಹಾಗೆಂದು ಅವರು ಉಡಿ ಒಡ್ಡಿ ನಿಂತದ್ದನ್ನು ನಾನು ಕಂಡಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಶಬ್ದ. ನಮ್ಮಲ್ಲಿ ಯಾರೂ ಸಾಯುವುದಿಲ್ಲ, ಲಿಂಗೈಕ್ಯರಾಗುತ್ತಾರೆ. ಶಿವಗಣಾರಾಧನೆಯ ಪತ್ರಿಕೆಯಲ್ಲಿ ಹಾಗೆಯೇ ಅಚ್ಚು ಹಾಕಿಸುತ್ತೇವೆ, ಫೋಟೊಕ್ಕೆ ಹಾಗೆಯೇ ಬರೆಸುತ್ತೇವೆ. ಗಂಡ ಲಿಂಗದಲ್ಲಿ ಐಕ್ಯನಾದನೆಂಬುದು ನಿಜವಾದರೆ, ಲಿಂಗವನ್ನು ಎದೆಯ ಮೇಲೆ ಧರಿಸಿದ ಹೆಂಡತಿಗೆ ಅಮಂಗಲ ಎಲ್ಲಿಂದ ಬಂತು? ಪತ್ರಿಕೆಯಲ್ಲಿ ಒಂದು ಧರ್ಮ, ಹಿತ್ತಲಲ್ಲಿ ಬಳೆ ಒಡೆಯುವಾಗ ಇನ್ನೊಂದು.

ನಮ್ಮ ಚಳವಳಿಯ ಕೆಲವು ಗೆಳೆಯರು ಉಡಿ ತುಂಬುವುದನ್ನೇ ಬಿಡಬೇಕೆನ್ನುತ್ತಾರೆ. ಸಂತಾನ ಹಾರೈಸುವ ಆಚರಣೆ, ಮಠದಲ್ಲಿ ಅದರ ಕೆಲಸವೇನು ಎಂದು ಅವರ ಪ್ರಶ್ನೆ. ಪ್ರಶ್ನೆ ಸರಿಯೇ. ಆದರೆ ನಾನು ಅಷ್ಟು ದೂರ ಹೋಗಲಾರೆ. ಒಂದು ಕಣ, ನಾಲ್ಕು ಉತ್ತತ್ತಿ, ಕೊಬ್ಬರಿ ಬಟ್ಟಲು, ಹಿಡಿ ಅಕ್ಕಿ ಉಡಿಗೆ ಬಿದ್ದಾಗ ನಮ್ಮ ತಾಯಂದಿರ ಮುಖ ಅರಳುವುದನ್ನು ಕಂಡಿದ್ದೇನೆ. ವರ್ಷವಿಡೀ ಬಡಿಸುವವರಿಗೆ ಒಂದು ದಿನ ಯಾರೋ ತುಂಬಿ ಕೊಡುತ್ತಾರೆ. ಅದನ್ನು ಕಸಿದುಕೊಳ್ಳುವುದು ನನಗೆ ಸುಧಾರಣೆಯಾಗಿ ಕಾಣುವುದಿಲ್ಲ. ಎಲ್ಲರ ಉಡಿಗೂ ಅದು ಬೀಳಲಿ, ಅಷ್ಟೆ.

ಹಿರಿಯರು ಹೇಳುವ ಮಾತು ಬೇರೆ: “ನಾವೇನೂ ಬ್ಯಾಡ ಅಂದಿಲ್ಲ, ಅವರs ಒಲ್ಲೆ ಅಂತಾರ.” ಇದರಲ್ಲಿ ಸುಳ್ಳಿಲ್ಲ. ನೆರೆಯ ಊರಿನ ಕರಪತ್ರದಲ್ಲಿ ಒಮ್ಮೆ ‘ಮಹಿಳೆಯರಿಗೆ’ ಎಂದು ಅಚ್ಚಾಗಿತ್ತು. ಆದರೂ ಗಂಡ ತೀರಿದವರೆಲ್ಲ ಕಂಬದ ಮರೆಯಲ್ಲೇ ಕೂತಿದ್ದರು. ಮೂವತ್ತು ವರ್ಷ ‘ನೀ ಮುಂದ ಬರಬ್ಯಾಡ’ ಎಂದು ಕೇಳಿದ ಕಿವಿಗೆ ಕರಪತ್ರದ ಒಂದು ಶಬ್ದ ಸಾಲದು. ಯಾರಾದರೂ ಎದ್ದು ಹೋಗಿ ಕೈ ಹಿಡಿದು ಕರೆತರಬೇಕು, ಮೊದಲ ಉಡಿಯನ್ನು ಅವರಿಗೇ ತುಂಬಬೇಕು. ಪೂಜ್ಯರು ವೇದಿಕೆಯ ಮೇಲೆ ಕೂತು ಒಂದು ಮಾತು ಹೇಳಿದರೆ ಅರ್ಧ ಕೆಲಸ ಅಲ್ಲಿಯೇ ಮುಗಿಯುತ್ತದೆ. ಯುಗಾದಿಯ ಬೇವನ್ನು ಮನೆಯಲ್ಲಿ ಯಾರ ಕೈಯಿಂದ ಹಂಚಿಸುತ್ತೇವೆ ಎಂಬುದಕ್ಕಂತೂ ಪೂಜ್ಯರ ಅಪ್ಪಣೆಯೂ ಬೇಕಿಲ್ಲ.

ಈ ಸಲದ ಕರಪತ್ರದ ಕರಡು ತಿದ್ದುವ ಕೆಲಸ ನನ್ನ ಪಾಲಿಗೆ ಬಂದಿದೆ. ‘ಮುತ್ತೈದೆಯರಿಗೆ’ ಎಂಬುದನ್ನು ಎರಡೂ ಕಡೆ ಹೊಡೆದು ‘ಎಲ್ಲ ಶರಣೆಯರಿಗೆ’ ಎಂದು ಬರೆದಿದ್ದೇನೆ. ಸಮಿತಿಯ ಹಿರಿಯರೊಬ್ಬರು ಕನ್ನಡಕ ಏರಿಸಿ ನೋಡಿ, ‘ಅಜ್ಜಾರನ್ನ ಒಂದು ಮಾತು ಕೇಳೂಣು’ ಎಂದರು. ಕೇಳೋಣ. ಕರಡಿನ ಒಂದು ಪ್ರತಿಯನ್ನು ಚಿಗವ್ವನಿಗೂ ಕೊಟ್ಟು ಬಂದೆ. ಬಿಸಿಲಿಗೆ ಹಿಡಿದು ಓದಿದಳು, ಏನೂ ಅನ್ನಲಿಲ್ಲ. ಗೂಡಿನಲ್ಲಿ ಹೋದ ವರ್ಷದ್ದರ ಮೇಲೆ ಇಟ್ಟಳು. ಹುಣ್ಣಿಮೆಗೆ ಇನ್ನೂ ಮೂರು ವಾರ ಇದೆ.