ನಿಂತ ಗಾಲಿ ತಿರುಗಲಿ

ಮನುಷ್ಯನು ಆರಂಭಿಸುವ ಕಾರ್ಯಗಳು ಅನೇಕ, ಮುಂದುವರಿಸುವವು ಕೆಲವು, ನಿಂತುಹೋದ ಮೇಲೆ ಮತ್ತೆ ಕೈಗೆತ್ತಿಕೊಳ್ಳುವವು ತೀರ ವಿರಳ. ಹೊಸ ಕಾರ್ಯಕ್ಕೆ ಸಭೆ ಸೇರುತ್ತದೆ, ಹಾರ ತುರಾಯಿಗಳು ಬರುತ್ತವೆ. ನಿಂತ ಕಾರ್ಯವನ್ನು ಪುನಃ ನಡೆಸುವವರಿಗೆ ಇವು ಯಾವುವೂ ದೊರೆಯುವುದಿಲ್ಲ. ‘ಆರಂಭಶೂರತ್ವ’ ಎಂಬ ಮಾತು ಬಳಕೆಗೆ ಬಂದುದು ಅಕಾರಣವಾಗಿ ಅಲ್ಲ. ಆದರೂ ಒಂದು ಊರಿನ ಯೋಗ್ಯತೆಯನ್ನು ಅಳೆಯಬೇಕಾದುದು ಅದು ಎಷ್ಟು ಕಾರ್ಯಗಳನ್ನು ಆರಂಭಿಸಿತು ಎಂಬುದರಿಂದಲ್ಲ, ನಿಂತವುಗಳಲ್ಲಿ ಎಷ್ಟನ್ನು ಮತ್ತೆ ನಡೆಸಿತು ಎಂಬುದರಿಂದ. ಧಾರವಾಡ ಜಿಲ್ಲೆಯ ಹಳ್ಳಿಗಳ ಸೈಕಲ್ಲುಗಳೇ ಈ ಮಾತಿಗೆ ನಿದರ್ಶನ.

ನವಲಗುಂದ, ಅಣ್ಣಿಗೇರಿ, ಕುಂದಗೋಳಗಳ ಸುತ್ತ ಹರಡಿರುವುದು ಎರೆಭೂಮಿ. ಈ ಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ. ಹತ್ತಿ, ಜೋಳ, ಕಡಲೆಗಳನ್ನು ಧಾರಾಳವಾಗಿ ಕೊಡುವ ಈ ತಾಯಿ ಸೈಕಲ್ಲಿನ ಸವಾರನಿಗೆ ಮಾತ್ರ ಕಠಿಣಳು. ಮಳೆಗಾಲದಲ್ಲಿ ನಾಲ್ಕು ಮಾರು ಹೋಗುವಷ್ಟರಲ್ಲಿ ಮಣ್ಣು ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಮೆತ್ತಿಕೊಂಡು ಗಾಲಿ ತಿರುಗದಾಗುತ್ತದೆ. ಸವಾರನು ಇಳಿದು ಕಡ್ಡಿಯಿಂದ ಮಣ್ಣು ಕೆದರಬೇಕು. ಇಲ್ಲವೆ ಸೈಕಲ್ಲನ್ನೇ ಹೆಗಲ ಮೇಲೆ ಹೊರಬೇಕು. ಬೆಣ್ಣೆಹಳ್ಳ, ತುಪ್ಪರಿಹಳ್ಳಗಳು ತುಂಬಿ ಬಂದರೆ ದಾರಿಯೇ ಕಾಣದು. 2019ರ ನೆರೆಯನ್ನು ಆ ಭಾಗದ ಜನರು ಮರೆತಿಲ್ಲ. ಚಳಿಗಾಲ ಬಂದಾಗ ಕೆಸರಿನಲ್ಲಿ ಮೂಡಿದ ಚಕ್ಕಡಿಯ ಜಾಡು ಕಲ್ಲಿನಂತೆ ಗಟ್ಟಿಯಾಗಿರುತ್ತದೆ. ಮಂಜು ಕವಿದ ಮುಂಜಾವಿನಲ್ಲಿ ದೀಪವಿಲ್ಲದ ಸೈಕಲ್ಲು ಆ ಜಾಡಿಗೆ ಸಿಲುಕಿದರೆ ಸವಾರನು ಬೀಳುವುದು ನಿಶ್ಚಿತ. ಅರೆಮಲೆನಾಡಿನ ಕಲಘಟಗಿಯಲ್ಲಿ ಮಣ್ಣು ಬೇರೆ, ಮಳೆ ಹೆಚ್ಚು. ಅಲ್ಲಿಯ ತೊಡಕುಗಳೂ ಬೇರೆ.

ಇಷ್ಟಾದರೂ ಸೈಕಲ್ಲು ಅನಿವಾರ್ಯ. ವಿದ್ಯೆ ಮನೆಯ ಬಾಗಿಲಿನಲ್ಲಿಯೇ ಎಲ್ಲರಿಗೂ ದೊರೆಯುವುದಿಲ್ಲ. ಗಂಗೂಬಾಯಿ ಹಾನಗಲ್ ಅವರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರಲ್ಲಿ ಸಂಗೀತ ಕಲಿತರು. ರೈಲಿಲ್ಲದ, ಬಸ್ಸು ಅಪರೂಪವಾದ ಹಳ್ಳಿಯ ಬಾಲಕಿಗೆ ಪಕ್ಕದ ಊರಿನ ಪ್ರೌಢಶಾಲೆಗೆ ಹೋಗಲು ಸೈಕಲ್ಲೇ ರೈಲು. ಬಿಹಾರ ರಾಜ್ಯವು 2006ರಲ್ಲಿ ಬಾಲಕಿಯರಿಗಾಗಿ ಸೈಕಲ್ ಯೋಜನೆಯನ್ನು ತಂದಿತು. ಅದರಿಂದ ತಕ್ಕ ವಯಸ್ಸಿನಲ್ಲಿ ಪ್ರೌಢಶಾಲೆ ಸೇರುವ ಬಾಲಕಿಯರ ಪ್ರಮಾಣ ಶೇಕಡಾ 32ರಷ್ಟು ಏರಿತೆಂದು ಅರ್ಥಶಾಸ್ತ್ರಜ್ಞರು ಕಂಡುಕೊಂಡರು. ಕರ್ನಾಟಕದಲ್ಲಿಯೂ 2006–07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ವಿತರಣೆ ಆರಂಭವಾಯಿತು. 2020ರ ಕೊರೋನಾ ಪಿಡುಗಿನ ತರುವಾಯ ಅದು ನಿಂತಿತು.

ಆದರೆ ಸೈಕಲ್ಲನ್ನು ಕೊಡುವುದು ಬೇರೆ, ಅದು ಓಡುತ್ತಿರುವುದು ಬೇರೆ. ಚೈನು ಹರಿದ, ಟಯರು ಸವೆದ ಸೈಕಲ್ಲುಗಳು ಹಿತ್ತಲಿನಲ್ಲಿ ತುಕ್ಕು ಹಿಡಿಯುವುದನ್ನು ಕಾಣಬಹುದು. ಅವು ನಿಂತುದು ಕಬ್ಬಿಣದ ದೋಷದಿಂದಲ್ಲ. ಪಂಕ್ಚರು ತಿದ್ದಬಲ್ಲವರು ಯಾರು, ಯಾವ ದಾರಿ ಮಳೆಯಲ್ಲಿಯೂ ಗಟ್ಟಿ, ಯಾವ ಹಳ್ಳ ಎಷ್ಟು ಮಳೆಗೆ ತುಂಬುತ್ತದೆ ಎಂಬ ತಿಳಿವಳಿಕೆ ಒಬ್ಬೊಬ್ಬರಲ್ಲಿ ಚೂರುಚೂರಾಗಿ ಉಳಿದಿದೆ. ಅದು ಊರಿನ ಸೊತ್ತಾಗಿಲ್ಲ.

ತಿಳಿದವರು ತಿಳಿಯದವರಿಗೆ ಹೇಳಿಕೊಟ್ಟರೆ ಏನಾಗಬಲ್ಲುದೆಂಬುದನ್ನು ತಮಿಳುನಾಡಿನ ಪುದುಕ್ಕೋಟೈ ಜಿಲ್ಲೆ ತೋರಿಸಿತು. 1990ರ ದಶಕದ ಆರಂಭದಲ್ಲಿ ಅಲ್ಲಿಯ ಸಾಕ್ಷರತಾ ಚಳವಳಿಯ ಸ್ವಯಂಸೇವಕರು ಅಕ್ಷರದೊಂದಿಗೆ ಸೈಕಲ್ ಸವಾರಿಯನ್ನೂ ಕಲಿಸಿದರು. ಸಾವಿರಾರು ಗ್ರಾಮೀಣ ಮಹಿಳೆಯರು ಸೈಕಲ್ಲೇರಿದರು. ಎರೆಯ ಕೆಸರಿಗಿಂತಲೂ ಕಠಿಣವಾದ ಹಿಮವನ್ನು ಗೆದ್ದ ಊರೂ ಉಂಟು. ಫಿನ್ಲೆಂಡಿನ ಔಲು ನಗರದಲ್ಲಿ ಚಳಿಗಾಲದ ಹಿಮದಲ್ಲಿಯೂ ಮಕ್ಕಳು ಸೈಕಲ್ಲಿನಲ್ಲಿ ಶಾಲೆಗೆ ಹೋಗುತ್ತಾರೆ. ಚಳಿಗಾಲದ ಸೈಕಲ್ ಸವಾರಿಯನ್ನೇ ಕುರಿತ ಅಂತರರಾಷ್ಟ್ರೀಯ ಸಮ್ಮೇಳನವೊಂದು ಅಲ್ಲಿ 2013ರಲ್ಲಿ ನಡೆಯಿತು. ಅಲ್ಲಿಯ ಚಳಿ ಕಡಿಮೆಯಲ್ಲ; ದಾರಿಯನ್ನು ಕಾಯುವ ಶ್ರದ್ಧೆ ಹೆಚ್ಚು.

ಅಂಥ ಶ್ರದ್ಧೆಗೆ ಧಾರವಾಡದ ಹಳ್ಳಿಗಳಲ್ಲಿ ಭಾರಿ ಹಣ ಬೇಕಿಲ್ಲ. ಊರಿನ ತರುಣರು ವಾರಕ್ಕೊಂದು ದಿನ ಶಾಲೆಯ ಅಂಗಳದಲ್ಲಿ ಪಾನಾ, ಪಂಪುಗಳೊಡನೆ ಕುಳಿತರೆ ಸಾಕು. ಎರಡು ಕೆಟ್ಟ ಸೈಕಲ್ಲುಗಳಿಂದ ಒಂದು ಒಳ್ಳೆಯ ಸೈಕಲ್ಲನ್ನು ಮಾಡಬಹುದು. ಪಂಚಾಯಿತಿಯ ಕಟ್ಟೆಯ ಮೇಲೊಂದು ಹಲಗೆಯನ್ನಿಟ್ಟು, ಹಳ್ಳ ತುಂಬಿದ ಸುದ್ದಿಯನ್ನೂ ಗಟ್ಟಿಯಾದ ದಾರಿಯ ಹೆಸರನ್ನೂ ಅದರ ಮೇಲೆ ಬರೆಯಬಹುದು. ಇಂಥ ಕಾರ್ಯಗಳು ನಿಲ್ಲುವುದಕ್ಕೆ ಸಾಮಾನ್ಯ ಕಾರಣವೆಂದರೆ ಒಬ್ಬನ ಉತ್ಸಾಹವನ್ನೇ ನಂಬಿರುವುದು. ಅವನು ನೌಕರಿಗೆಂದು ಪಟ್ಟಣ ಸೇರಿದೊಡನೆ ಹಲಗೆ ಬರಿದಾಗುತ್ತದೆ. ಆದುದರಿಂದ ಕೆಲಸವನ್ನು ಸರದಿಯಂತೆ ಹಂಚಿಕೊಳ್ಳಬೇಕು. ತಿಳಿದುದನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಆಗ ಕಾರ್ಯ ಒಮ್ಮೆ ನಿಂತರೂ ಮುಂದೆ ಬಂದವರು ಅಲ್ಲಿಂದಲೇ ಎತ್ತಿಕೊಳ್ಳಬಹುದು.

ಇದು ಸರ್ಕಾರದ ಕರ್ತವ್ಯವಲ್ಲವೆ ಎಂದು ಕೇಳುವವರುಂಟು. ರಸ್ತೆ, ಸೇತುವೆ, ಬಸ್ಸುಗಳು ಸರ್ಕಾರದ ಹೊಣೆಯೇ; ಅವುಗಳನ್ನು ಕೇಳಿ ಪಡೆಯುವುದು ಜನರ ಹಕ್ಕು. ಸ್ವಯಂಸೇವೆಯು ಆ ಹೊಣೆಯಿಂದ ಯಾರನ್ನೂ ಬಿಡುಗಡೆ ಮಾಡಬಾರದು. ಆದರೆ ಸೋಮವಾರ ಮುಂಜಾನೆ ಹರಿದ ಚೈನನ್ನು ತಿದ್ದಲು ಯಾವ ಇಲಾಖೆಯೂ ಬಾರದು. ಸೇತುವೆ ಆಗುವವರೆಗೆ ಬಾಲಕಿಯ ಓದು ಕಾಯುವುದಿಲ್ಲ. ಒಂದು ವರ್ಷ ಶಾಲೆ ತಪ್ಪಿಸಿದ ಮಗು ಮರಳಿ ಬರುವುದು ಕಷ್ಟ.

‘ಹನಿ ಹನಿ ಕೂಡಿದರೆ ಹಳ್ಳ’ ಎಂಬ ಗಾದೆಯನ್ನು ಬೆಣ್ಣೆಹಳ್ಳದ ದಂಡೆಯವರಿಗೆ ವಿವರಿಸಬೇಕಿಲ್ಲ. ಮಣ್ಣು ಮೆತ್ತಿದ ಗಾಲಿಯನ್ನು ಕಂಡು ಸವಾರನು ಸೈಕಲ್ಲನ್ನು ಬಿಟ್ಟು ಹೋಗುವುದಿಲ್ಲ. ಮಣ್ಣನ್ನು ಕೆದರಿ ಮತ್ತೆ ಏರುತ್ತಾನೆ. ನಿಂತುಹೋದ ಒಳ್ಳೆಯ ಕಾರ್ಯಗಳ ವಿಷಯದಲ್ಲಿಯೂ ಊರು ಹಾಗೆಯೇ ನಡೆದುಕೊಳ್ಳುವುದು ಉಚಿತ.